ಗದ್ದೆಮ್ಮ ಹತ್ತದ ಗಾಡಿ

ತುರ್ವಿಹಾಳದ ಗದ್ದೆಮ್ಮನಿಗೆ ಸಿಟ್ಟು ಬಂದರೆ ಬಾಯಿಗೆ ಬೀಗ ಬೀಳುತ್ತದೆ. ಸೆರಗನ್ನು ಸೊಂಟಕ್ಕೆ ಬಿಗಿದು ನಿಂತುಬಿಡುತ್ತಾಳೆ, ಅಷ್ಟೇ. ಆವತ್ತು ಬೆಳಿಗ್ಗೆ ಭತ್ತದ ನಾಟಿಗೆ ಹೊರಟ ಹದಿನೈದು ಹೆಣ್ಣಾಳುಗಳ ಮುಂದೆ ಹಾಗೇ ನಿಂತಳು. ಎದುರಿಗೆ ಪಕೀರಪ್ಪನ ಹಳೆಯ ಪಿಕಪ್ ಗಾಡಿ ಗುರುಗುಟ್ಟುತ್ತಿತ್ತು. ಒಬ್ಬಳೂ ಹತ್ತಲಿಲ್ಲ.

"ಹೊತ್ತಾಗಾಕತ್ತೈತಿ ಯಕ್ಕಾ, ಏನಾತು?" ಎಂದ ಪಕೀರಪ್ಪ.

"ಹ್ಯಾಂಡ್ ಬ್ರೇಕ್ ಮಾಡ್ಸು. ಆಮ್ಯಾಲ ಹತ್ತತೀವಿ."

ಆ ಗಾಡಿ ಪಕೀರಪ್ಪನ ಅಪ್ಪನ ಕಾಲದ್ದು. ಮೊದಲು ಯಾವ ಬಣ್ಣವಿತ್ತು ಎಂದು ಹೇಳುವವರು ಊರಲ್ಲಿ ಉಳಿದಿಲ್ಲ. ಐದು ವರ್ಷದ ಹಿಂದೆ ಗದ್ದೆಯ ರಾಡಿ ಹಿಂದಿನ ಗಾಲಿಯೊಳಗೆ ಹೊಕ್ಕು, ಒಮ್ಮೆ ಎಳೆದ ಹ್ಯಾಂಡ್ ಬ್ರೇಕ್ ಬಿಡದಂತಾಯಿತು. ಪಕೀರಪ್ಪ ಬೇಸತ್ತು ಅದರ ವೈರನ್ನೇ ಕಡಿದು ಹಾಕಿದ. ಕಲ್ಲಿರುವಾಗ ಬ್ರೇಕ್ ಯಾಕೆ? ಅಲ್ಲಿಂದ ಗಾಲಿಗೆ ಕಲ್ಲು ಕೊಡುವುದೇ ರೂಢಿಯಾಯಿತು. ಕಾಲುವೆ ದಂಡೆಯ ಏರಿನಲ್ಲಿ ಗಾಡಿ ನಿಂತೊಡನೆ ಒಬ್ಬಳು ಕಲ್ಲು ಕೊಡಬೇಕು. ಹೊರಡುವಾಗ "ಎತ್ರಿ" ಎಂದರೆ ಅವಳೇ ಎತ್ತಿ ಒಳಗೊಗೆದು, ಓಡಿ ಹತ್ತಬೇಕು. ಯಾರು ಎತ್ತಬೇಕು ಎಂದು ದಿನಾ ಜಗಳ ಶುರುವಾದಾಗ ಗದ್ದೆಮ್ಮನೇ ಪಾಳಿ ಹಚ್ಚಿದ್ದಳು, ದಿನಕ್ಕೊಬ್ಬಳಂತೆ.

ಎಂಟು ದಿನದ ಹಿಂದೆ ರೇಣುಕಾದೇವಿಯ ಪಾಳಿ. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ. "ಎತ್ರಿ" ಎಂದ ಪಕೀರಪ್ಪನ ಪಾದ ಬ್ರೇಕಿನಿಂದ ಜಾರಿತು. ಗಾಡಿ ಹಿಂದಕ್ಕೆ ಒಂದೇ ಮೊಳ ಬಂತು. ಆ ಒಂದು ಮೊಳದಲ್ಲೇ ರೇಣುಕಾದೇವಿಯ ಕಾಲಿತ್ತು. ಈಗ ಅವಳು ಲಿಂಗಸುಗೂರಿನ ತವರಿನಲ್ಲಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಾಳೆ.

"ನೀವು ಬರಂಗಿಲ್ಲಂದ್ರ ಬಿಡ್ರಿ," ಎಂದ ಪಕೀರಪ್ಪ. "ಮಸ್ಕಿ ಕಡೆ ಹೆಣ್ಣಾಳಿಗೆ ಬರ ಬಂದೈತೇನು? ನಾಳೆ ಅವರ್ನ ಕರಕಂಬರ್ತೀನಿ."

"ಕರಕಂಬಾ. ಅವರಿಗೂ ಎರಡ ಕಾಲು."

ಹೆಂಗಸರು ಮುಖ ಮುಖ ನೋಡಿಕೊಂಡರು. ನಾಟಿ ಇರುವುದು ಇನ್ನು ಹತ್ತು ದಿನ. ಇದು ತಪ್ಪಿದರೆ ಮುಂದಿನ ಬೆಳೆಯವರೆಗೆ ಕೈಗೆ ಕೆಲಸವಿಲ್ಲ. ಗದ್ದೆಮ್ಮನಿಗೂ ಅದು ಗೊತ್ತು. ಗೊತ್ತಿದ್ದೇ ಸಿಟ್ಟು ಇನ್ನಷ್ಟು ಏರಿತು.

ಮರುದಿನ ಪಕೀರಪ್ಪ ಮೀಸೆ ತಿರುವುತ್ತ ಬಂದ. "ರಿಪೇರಿ ಆತಬೇ. ಬರ್ರಿ, ನೋಡ್ರಿ." ಗಾಡಿಯನ್ನು ದಂಡೆಯ ಏರಿಗೆ ಹತ್ತಿಸಿ, ಎಂಜಿನ್ ಆರಿಸಿ ಇಳಿದ. ಕಲ್ಲಿಲ್ಲದೆ ಗಾಡಿ ನಿಂತಿತು. "ನಿಂತತಲ್ಲಬೇ!" ಎಂದು ಹೆಂಗಸರು ಬುತ್ತಿ ಎತ್ತಿಕೊಂಡು ಹತ್ತಲು ಹೋದರು.

"ನಿಂದರ್ರಿ," ಎಂದಳು ಗದ್ದೆಮ್ಮ.

ಇಪ್ಪತ್ತು ವರ್ಷ ಆ ಗಾಡಿಯಲ್ಲಿ ತಿರುಗಿದವಳು ಅವಳು. ಹ್ಯಾಂಡ್ ಬ್ರೇಕ್ ಎಳೆದರೆ ಕಟಕಟ ಎಂದು ಹಲ್ಲು ಹತ್ತುವ ಸದ್ದು ಕಿವಿಯಲ್ಲಿ ಹಾಗೇ ಇತ್ತು. ಈಗ ಕೇಳಿದ್ದು ಗೇರು ಬಿದ್ದ ಸದ್ದು ಮಾತ್ರ. ಗಾಡಿಯನ್ನು ಹಿಡಿದು ನಿಲ್ಲಿಸಿದ್ದು ಬ್ರೇಕಲ್ಲ, ಗೇರು.

"ಗೇರ್ ತಗಿ."

"ಅದ್ಯಾಕ? ನಿಂತೈತಲ್ಲ?"

"ತಗೀತೀಯೋ, ನಾ ತಗೀಲೋ?"

ಗದ್ದೆಮ್ಮ ಹಿಂದಿದ್ದವರನ್ನೆಲ್ಲ ಪಕ್ಕಕ್ಕೆ ಸರಿಸಿ, ಕಿಟಕಿಯೊಳಗೆ ತೂರಿ ಎರಡೂ ಕೈಯಿಂದ ಗೇರಿನ ಕೋಲು ಜಗ್ಗಿ ಹಿಂದೆ ಸರಿದಳು. ಗಾಡಿ ಜಾರಿ ಹಿಮ್ಮುಖವಾಗಿ ಓಡಿ, ಹಿಂದಿನ ಎರಡೂ ಗಾಲಿ ಗದ್ದೆಯ ಕೆಸರಲ್ಲಿ ಹೂತು ನಿಂತಿತು.

"ನಿನ್ನ ರಿಪೇರಿ ಅಲ್ಲಿ ಹೋತು ನೋಡು," ಎಂದಳು. ಯಾರೂ ನಗಲಿಲ್ಲ. ಒಬ್ಬಳು ಬುತ್ತಿ ಬಿಸಾಕಿ ಬೈಯಲು ಶುರುಮಾಡಿದಳು. ಹದಿನೈದು ಬಾಯಿ ಒಂದೇ ಸಲ ತೆರೆದಾಗ ಪಕೀರಪ್ಪನಿಗೆ ಮಸ್ಕಿ ಮರೆತುಹೋಯಿತು.

ಟ್ರ್ಯಾಕ್ಟರ್ ಕಟ್ಟಿ ಎಳೆಸಿದ ಗಾಡಿಯ ಹಿಂದೆಯೇ ಗದ್ದೆಮ್ಮನೇ ಸಿಂಧನೂರಿಗೆ ಹೋದಳು, ಬಸ್ಸಿನಲ್ಲಿ. ಹುಸೇನ್‌ಸಾಬನ ಗ್ಯಾರೇಜಿನಲ್ಲಿ ಹಳೇ ಟಯರಿನ ಮೇಲೆ ಕೂತವಳು ಮಧ್ಯಾಹ್ನವಾದರೂ ಏಳಲಿಲ್ಲ. ಹುಸೇನ್‌ಸಾಬ ಹಿಂದಿನ ಗಾಲಿ ಬಿಚ್ಚಿ ಬ್ರೇಕಿನ ಡ್ರಮ್ ಬಡಿದು ತೆಗೆದ. ಒಳಗೆ ರಾಡಿ ಒಣಗಿ ಇಟ್ಟಿಗೆಯಂತಾಗಿತ್ತು.

"ಏನಪಾ ಪಕೀರ, ಇದರೊಳಗೂ ನಾಟಿ ಮಾಡೀಯೇನು?"

"ಒಂದು ಗಾಲೀದು ಮಾಡಿದ್ರ ಸಾಕಲ್ಲ ಸಾಬ್ರ?"

"ಎರಡೂ," ಎಂದಳು ಗದ್ದೆಮ್ಮ.

"ಯಜಮಾನಿ ಹೇಳ್ಯಾಳ, ಎರಡೂ," ಎಂದ ಹುಸೇನ್‌ಸಾಬ.

ತುಕ್ಕು ಹಿಡಿದ ಕೀಲುಗಳಿಗೆ ಡೀಸೆಲ್ ಸುರಿದು ನೆನೆಹಾಕಿದ. ಅಷ್ಟು ಹಳೆಯ ಗಾಡಿಯ ವೈರು ಯಾವ ಅಂಗಡಿಯಲ್ಲೂ ಸಿಗದೆ, ಗುಜರಿಗೆ ಬಿದ್ದ ಇನ್ನೊಂದು ಗಾಡಿಯದನ್ನು ತಂದು ಹಾಕಿದ. ಹಿಡಿಕೆಯ ಸವೆದ ಹಲ್ಲುಗಳನ್ನು ಅರದಿಂದ ಒಂದೊಂದಾಗಿ ತೀಡಿದ. ಅರದ ಸದ್ದು ಕೇಳುತ್ತ ಕೂತ ಗದ್ದೆಮ್ಮನಿಗೆ ಹೊಟ್ಟೆಯೊಳಗಿನ ಸಿಟ್ಟು ಯಾರ ಮೇಲಿನದು ಎಂದು ತಿಳಿಯತೊಡಗಿತು. ವೈರು ಕಡಿದವನು ಪಕೀರಪ್ಪ. ಹದಿನಾರು ಜನರ ಕಾಲನ್ನು ಸರದಿಗೆ ಆ ಗಾಲಿಯ ಹಿಂದೆ ಇಟ್ಟವಳು ತಾನು. ಐದು ವರ್ಷ ಜಗಳವಿಲ್ಲದೆ ನಡೆಯಿತೆಂದು ಹಿಗ್ಗಿದವಳೂ ತಾನೇ.

ಹುಸೇನ್‌ಸಾಬ ಚಹಾ ತರಿಸಿದ. ಅವಳು ಮುಟ್ಟಲಿಲ್ಲ.

ಮರುದಿನ ದಂಡೆಯ ಮೇಲೆ ಎಲ್ಲರೂ ಸೇರಿದರು. ಹುಸೇನ್‌ಸಾಬನೂ ಬಂದಿದ್ದ. ಕಟಕಟ ಎಂದು ಹಲ್ಲು ಹತ್ತಿದ್ದು ದೂರದವರಿಗೂ ಕೇಳಿತು. ಗೇರು ತೆಗೆದದ್ದನ್ನು ಗದ್ದೆಮ್ಮ ಕಣ್ಣಾರೆ ನೋಡಿದಳು. ಪಕೀರಪ್ಪನ ಪಾದ ಮಾತ್ರ ಬ್ರೇಕಿನ ಮೇಲೇ ಇತ್ತು.

"ಇಳಿ ಕೆಳಗ. ನಿನ್ನ ಬದಲಿ ಸಾಬ್ರು ಬ್ರೇಕಿನ ಮ್ಯಾಲ ಕಾಲಿಡ್ತಾರ. ನೀ ಹೋಗಿ ಗಾಲಿ ಹಿಂದ ನಿಂದ್ರು."

ಪಕೀರಪ್ಪ ಸ್ಟೀರಿಂಗ್ ಬಿಗಿಯಾಗಿ ಹಿಡಿದ. "ನಾ ಯಾಕ?"

"ನಾನ ನಿಂದರ್ತೀನಿ ಬಿಡಮ್ಮಾ," ಎಂದ ಹುಸೇನ್‌ಸಾಬ.

"ನೀ ಕಟ್ಟಿದವ ಅಣ್ಣಾ, ನಿನಗ ಭರವಸಿ ಐತಿ. ಕಡದವ ನಿಂದರಬೇಕು."

ಹದಿನೈದು ಜೋಡಿ ಕಣ್ಣು ಅವನನ್ನು ತಳ್ಳಿಕೊಂಡು ಹೋದವು. ಹೋಗಿ ನಿಂತ. ಹುಸೇನ್‌ಸಾಬ ನಿಧಾನ ಪಾದ ಎತ್ತಿದ. ಗಾಡಿ ಒಮ್ಮೆ ನರಳಿ ಅಲ್ಲೇ ನಿಂತಿತು. ಪಕೀರಪ್ಪನ ಅಂಗಿ ಬೆನ್ನಿಗಂಟಿತ್ತು.

"ಸರಿ," ಎಂದು ಅವನನ್ನು ಪಕ್ಕಕ್ಕೆ ಸರಿಸಿ, ಅವನು ನಿಂತಿದ್ದ ಜಾಗದಲ್ಲೇ ಗದ್ದೆಮ್ಮ ತನ್ನ ಬರಿಗಾಲು ಊರಿದಳು. ಯಾರೂ ಕೇಳಿರಲಿಲ್ಲ. ಎಲೆ ಅಡಿಕೆ ಅಗಿದು ಉಗುಳುವಷ್ಟು ಹೊತ್ತು ಅಲ್ಲೇ ನಿಂತಳು. "ಯಕ್ಕಾ, ಸಾಕು ಬಾ," ಎಂದು ಯಾರೋ ಅಳುದನಿಯಲ್ಲಿ ಕರೆದ ಮೇಲೆ ಬಂದಳು.

"ಹತ್ರಿ. ರೇಣುಕಿ ಜಾಗ ಖಾಲಿ ಇರಲಿ, ಅಲ್ಲಿ ಯಾರೂ ಕುಂದ್ರಬ್ಯಾಡ್ರಿ."

ಹತ್ತಿದರು. ಎಂಜಿನ್ ಹೊತ್ತಿಕೊಂಡಿತು, ಗೇರು ಬಿತ್ತು. ಗಾಡಿ ಮುಂದೆ ಹೋಗಲೊಲ್ಲದು. ಪಕೀರಪ್ಪ ಕಾಲೊತ್ತಿದ, ಇನ್ನೂ ಒತ್ತಿದ. ಸುಟ್ಟ ವಾಸನೆ ಎದ್ದಿತು. ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ ನಕ್ಕರು.

ಗದ್ದೆಮ್ಮ ನಗಲಿಲ್ಲ. ಹಿಂದಿನಿಂದ ತಗಡು ಗುದ್ದಿ ಕೂಗಿದಳು:

"ಹ್ಯಾಂಡ್ ಬ್ರೇಕ್ ಇಳಸಲೇ ಮೂಳಾ! ಐದು ವರ್ಷಕ್ಕ ಅದನ್ನೂ ಮರತಿಯೇನು?"