ಬಹುಕಾಲದಿಂದ ಎದೆನೋವು

ಕೆಲವು ವಿವರಗಳು ತಪ್ಪಿರಬಹುದು. ಆಕೆ ನಮ್ಮ ಮನೆಗೆ ಬಂದದ್ದು ಬೆಳಿಗ್ಗೆಯೋ ಮಧ್ಯಾಹ್ನವೋ, ಉಟ್ಟದ್ದು ಹಸಿರು ಸೀರೆಯೋ ನೀಲಿಯೋ, ಈಗ ಹೇಳಲಾರೆ. ನನ್ನ ದಿನಚರಿಯಲ್ಲಿ ಆ ದಿನದ ಬಗ್ಗೆ ಮೂರೇ ಸಾಲುಗಳಿವೆ. ಉಳಿದದ್ದನ್ನು ಆಮೇಲೆ ತುಂಬಿಕೊಂಡವಳು ನಾನು. ನಾನು ತುಂಬಿಕೊಂಡದ್ದನ್ನು ಸುಲಭವಾಗಿ ನಂಬಬಾರದು ಎನ್ನುವುದು ಈಗ ನನಗೆ ಗೊತ್ತಿದೆ.

ಆಕೆ ನನ್ನ ಸೋದರತ್ತೆಯ ಸೊಸೆ. ಅಣ್ಣಿಗೇರಿ ಬಳಿಯ ನಮ್ಮೂರಲ್ಲಿ ಮನೆಯಲ್ಲೇ ಕೂತು ಜಂಪರ್ ಹೊಲಿಯುತ್ತಿದ್ದಳು. ನಾನು ನವಲಗುಂದದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಊರಿನವರಿಗೆ ಯಾವ ಕಾಗದ ಬಂದರೂ ಅದನ್ನು ಓದಿ ಹೇಳುವವಳು, ಅರ್ಜಿ ಬರೆದುಕೊಡುವವಳು ನಾನೇ. ಹೋದ ವರ್ಷ ಒಂದು ದಿನ ಆಕೆ ಲೈನಿಂಗ್ ಬಟ್ಟೆ ಕೊಳ್ಳಲು ನವಲಗುಂದಕ್ಕೆ ಬಂದವಳು ನಮ್ಮ ಮನೆಗೆ ಹೊಕ್ಕು ಚೀಲದಿಂದ ವಿಮೆಯ ಫಾರಮ್ಮು ತೆಗೆದಳು.

"ಅಕ್ಕಾರ, ಇದರಾಗ ಏನ ಬರದೈತಿ ನೋಡ್ರಿ. ಇವರು ಬರೇ ಸೈನ್ ಮಾಡು ಅಂತಾರ."

ನೋಡಿದೆ. ವಿಮೆ ಆಕೆಯ ಜೀವದ ಮೇಲೆ, ಹಣ ಬರುವುದು ಗಂಡನಿಗೆ. ಮೊತ್ತ ಆ ಮನೆಗೆ ದೊಡ್ಡದೇ ಇತ್ತು. ನನಗೆ ಏನಾದರೂ ಅನ್ನಿಸಿತೇ? ಅನ್ನಿಸಿತು ಎಂದು ಬರೆಯಲು ಆಸೆಯಾಗುತ್ತದೆ. ಆದರೆ ನಾನು ಮಾಡಿದ್ದು ಚೇಷ್ಟೆ.

"ತನಗ ಮಾಡ್ಸೂದು ಬಿಟ್ಟು ನಿನಗ ಮಾಡ್ಸ್ಯಾನಲ್ಲ, ಅಗದಿ ಭಾರೀ ಪ್ರೀತಿ ಬಿಡವಾ ನಿನ್ನ ಗಂಡಂದು!"

"ಎಲ್ಲೀ ಪ್ರೀತಿರಿ! ಕಂತು ತುಂಬೂದು ನನ್ನ ಹೊಲಿಗಿ ರೊಕ್ಕದಾಗ" ಎಂದು ನಕ್ಕಳು. ನನ್ನ ಪೆನ್ನಿನಿಂದಲೇ ಸಹಿ ಮಾಡಿದಳು. ದಿನಚರಿ ಹೇಳುವುದು ಇಷ್ಟು: "ಅವಳು ಬಂದಿದ್ದಳು. ವಿಮೆ ಕಾಗದ. ಮೂರು ಮಿರ್ಚಿ ಭಜಿ ತಿಂದು, ಎದಿ ಉರಿಯಾಕತ್ತೈತಿ ಎಂದು ನೀರು ಕುಡಿದಳು."

ಏಳು ತಿಂಗಳಿಗೆ ಆಕೆ ಸತ್ತಳು. ನಸುಕಿನಲ್ಲಿ ಎದೆನೋವು ಎಂದಳಂತೆ, ಗಾಡಿ ಬರುವುದರೊಳಗೆ ಹೋದಳಂತೆ. ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಪಡಸಾಲೆ ತುಂಬಿತ್ತು. ಗಂಡ, ಅಂದರೆ ನನ್ನ ಅತ್ತೆಯ ಮಗ, ಕಂಬಕ್ಕೆ ತಲೆ ಹಚ್ಚಿ ಕೂತಿದ್ದ. ಹೆಂಗಸರು ಒಬ್ಬೊಬ್ಬರೇ ನೆನಪು ತೆಗೆಯುತ್ತಿದ್ದರು.

"ಮೊನ್ನಿ ಬಾವಿಕಟ್ಟಿ ಹತ್ರ ಎದಿ ಹಿಡಕೊಂಡು ನಿಂತಿದ್ಲು ನೋಡಬೇ."

"ನನಗೂ ಅಂದಿದ್ಲು ತಗೋ, ದಮ್ಮ ಬರ್ತೈತಿ ಅಂತ."

ನಾನೂ ಒಂದು ಕೊಟ್ಟೆ. "ನಮ್ಮನಿಗೆ ಬಂದಾಗೂ ಎದಿ ಎದಿ ಅಂದಿದ್ಲು." ಮಿರ್ಚಿಯ ಮಾತು ನನಗೆ ನೆನಪಿತ್ತೋ ಇಲ್ಲವೋ, ಅದನ್ನಂತೂ ಹೇಳಲಿಲ್ಲ. ಸತ್ತವರ ಮನೆಯಲ್ಲಿ ಎಲ್ಲರೂ ಏನಾದರೂ ಕೊಡುತ್ತಾರೆ, ನಾನೊಬ್ಬಳೇ ಬರಿಗೈಯಲ್ಲಿ ಹೇಗೆ ಕೂರಲಿ ಎಂಬಂತಿತ್ತು ನನ್ನ ಮನಸ್ಸು.

ಮುತ್ತೈದೆ ಸತ್ತರೆ ನಮ್ಮಲ್ಲಿ ಮನೆಯ ಹೆಂಗಸರೇ ಮೈತೊಳೆದು, ಅರಿಶಿಣ ಹಚ್ಚಿ, ಹಸಿರು ಬಳೆ ತೊಡಿಸಿ, ಉಡಿ ತುಂಬುತ್ತಾರೆ. ಹಿತ್ತಲಲ್ಲಿ ಸೀರೆ ಅಡ್ಡ ಹಿಡಿದಿದ್ದರು. ನನ್ನ ಪಾಲಿಗೆ ಕಾಲು ಬಂತು. ಆಕೆಯ ಬಲಗಾಲ ಹಿಮ್ಮಡಿ ಹೊಲಿಗೆ ಯಂತ್ರ ತುಳಿದು ದಡ್ಡುಗಟ್ಟಿತ್ತು. ಇದು ನನ್ನದೇ ನೆನಪು, ಯಾರೂ ಹೇಳಿದ್ದಲ್ಲ.

ಬಾಜು ಮನೆಯವಳು ನೀರು ಹಾಕುತ್ತ ಕೇಳಿದಳು: "ಇದೇನವಾ, ಕುತ್ತಿಗಿ ಮ್ಯಾಲ?"

"ತಾಳಿ ಸರದ ಕಲಿ ಅದು. ಸುಮ್ನ ನೀರ ಹಾಕು, ಹೊತ್ತಾಗ್ತೈತಿ" ಎಂದಳು ಅತ್ತೆ. ಅರಿಶಿಣದ ಬಟ್ಟಲನ್ನು ಇನ್ನೊಬ್ಬಳ ಕೈಯಿಂದ ತೆಗೆದುಕೊಂಡು ಕುತ್ತಿಗೆಗೆ ತಾನೇ ಹಚ್ಚಿದಳು. ಒಮ್ಮೆ ಹಚ್ಚಿ, ನೋಡಿ, ಇನ್ನೊಮ್ಮೆ ದಪ್ಪಗೆ ಬಳಿದಳು. ನಾನು ತಲೆ ಎತ್ತಿದ್ದೆ. ಕಂದುಬಣ್ಣದ ಗೆರೆಯೊಂದನ್ನು ಕಂಡೆನೇ? ಈಗ ಕಣ್ಣು ಮುಚ್ಚಿದರೆ ಸ್ಪಷ್ಟವಾಗಿ ಕಾಣುತ್ತದೆ. ಅದು ಅಂದು ನೋಡಿದ್ದೋ, ಆಮೇಲೆ ಪೊಲೀಸರ ಬಾಯಲ್ಲಿ ಕೇಳಿ ಬಿಡಿಸಿಕೊಂಡದ್ದೋ, ತಿಳಿಯದು. ಅರಿಶಿಣ ಎರಡು ಸಲ ಬಿದ್ದದ್ದು ಮಾತ್ರ ನಿಜ. ಬಾಜು ಮನೆಯವಳೂ ಹಾಗೇ ಹೇಳುತ್ತಾಳೆ.

ಮೂರನೆಯ ದಿನ ಅತ್ತೆಯ ಮಗ ನನ್ನ ಮುಂದೆ ಹಾಳೆ ಇಟ್ಟ. ವಿಮೆಯವರಿಗೆ ಊರ ಹಿರಿಯರ ಹೇಳಿಕೆ ಬೇಕಂತೆ. "ಅಕ್ಕಾ, ನೀ ಬರದ್ರ ಚೊಲೋ ಇರ್ತೈತಿ" ಎಂದ. ಬರೆದೆ. "ಮೃತಳು ಎದೆನೋವಿನಿಂದ ಬಳಲುತ್ತಿದ್ದು" ಎಂದು ಮೊದಲು ಬರೆದಿದ್ದೆ. ಓದಿದಾಗ ವಾಕ್ಯ ಕುಂಟಿದಂತೆ ಅನ್ನಿಸಿತು. "ಬಹುಕಾಲದಿಂದ" ಎಂದು ಸೇರಿಸಿದೆ. ಆ ಮಾತನ್ನು ಆತ ಹೇಳಿಕೊಟ್ಟದ್ದಲ್ಲ. ಅದು ನನ್ನದು. ಗಟ್ಟಿಯಾಗಿ ಓದಿದೆ. ಐವರು ಹಿರಿಯರು ನನ್ನ ಓದಿನ ಮೇಲೆ ನಂಬಿಕೆಯಿಟ್ಟು ಸಹಿ ಹಾಕಿದರು. ಒಬ್ಬರು, "ಅಗದಿ ಛಂದ ಬರದೀಯವಾ" ಎಂದರು. ನನಗೆ ಖುಷಿಯಾಗಿತ್ತು.

ಆ ಪದವೇ ಎಲ್ಲವನ್ನೂ ಬಿಚ್ಚಿತು ಎನ್ನುತ್ತಾರೆ, ಅದರಿಂದ ನನಗೇನೂ ಸಮಾಧಾನವಿಲ್ಲ. ವಿಮೆ ಮಾಡಿಸಿ ವರ್ಷವೂ ತುಂಬಿರಲಿಲ್ಲವಾಗಿ ವಿಚಾರಣೆಗೆ ಕಂಪನಿಯಿಂದ ಒಬ್ಬರು ಬಂದರು. ಬಹುಕಾಲದಿಂದ ನೋವಿದ್ದವಳು ಯಾವ ಡಾಕ್ಟರ ಹತ್ತಿರ ಹೋಗಿದ್ದಳು ಎಂದು ಕೇಳಿದರು. ಒಂದು ಮಾತ್ರೆಯ ಚೀಟಿಯೂ ಮನೆಯಲ್ಲಿ ಸಿಗಲಿಲ್ಲ. ಆಕೆಯ ಅಣ್ಣ ಠಾಣೆಗೆ ಹೋದ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ತಹಶೀಲ್ದಾರರ ಎದುರಿಗೆ ಮಣ್ಣು ತೆಗೆದರು. ಕುತ್ತಿಗೆಯ ಎಲುಬು ಮುರಿದಿತ್ತು. ಟವೆಲಿನಿಂದ ಬಿಗಿದೆ ಎಂದು ಆತ ಒಪ್ಪಿಕೊಂಡ. ಈಗ ಜೈಲಿನಲ್ಲಿದ್ದಾನೆ.

ನನ್ನನ್ನೂ ಠಾಣೆಗೆ ಕರೆಸಿದ್ದರು. "ಮೇಡಂ, ಎದಿನೋವು ಅಂತ ಬರದೀರಿ. ನೀವು ನೋಡಿದ್ರೇನ್ರಿ?"

"ಎಲ್ಲಾರೂ ಅಂದ್ರು ರಿ."

"ಎಲ್ಲಾರೂ ಅಂದ್ರ ಯಾರ್ರಿ?"

ಹೆಸರು ಹೇಳಲು ಹೋದರೆ ಮೊದಲು ನನ್ನದೇ ಬರುತ್ತಿತ್ತು. ದಿನಚರಿ ಒಯ್ದು ತೋರಿಸಬೇಕಿತ್ತು. ತೋರಿಸಲಿಲ್ಲ. ಅದು ಈಗಲೂ ನನ್ನ ಕಪಾಟಿನಲ್ಲಿದೆ.

ಹೋದ ತಿಂಗಳು ಅತ್ತೆಯನ್ನು ನೋಡಲು ಹೋದೆ. ಹೊಲಿಗೆ ಯಂತ್ರದ ಮೇಲೆ ಹಳೆಯ ಜಮಖಾನ ಹೊದಿಸಿದ್ದಳು. ಚಹಾ ಕೊಟ್ಟಳು. ನನ್ನ ತಪ್ಪನ್ನು ಮೊದಲು ಹೇಳಿಕೊಳ್ಳಬೇಕು, ಆಮೇಲೆ ಕೇಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ. ಎದುರಿಗೆ ಕೂತಾಗ ನನ್ನದನ್ನು ನುಂಗಿಕೊಂಡು ಆಕೆಯದನ್ನಷ್ಟೇ ಕೇಳಿದೆ. ಅತ್ತೆ ಚಹಾದ ಕಪ್ಪು-ಬಸಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ನೀರು ಬೀಳುವ ಸಪ್ಪಳ ಬಹಳ ಹೊತ್ತು ಕೇಳಿಸುತ್ತಿತ್ತು. ನಾನು ಬಸ್ಸಿಗೆ ಎದ್ದು ಬಂದೆ. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಆಕೆ ಮಳೆಯ ಸುದ್ದಿ ಹೇಳಿದಳು. ನಾನು ಅಂದು ಕೇಳಿದ್ದು ಇಷ್ಟೇ:

"ಅತ್ತೀ, ಕುತ್ತಿಗಿಗೆ ಅರಿಶಿಣ ಎರಡನೇ ಸಲ ಹಚ್ಚಿದ್ಯಲ್ಲ, ಆಗ ನಿನಗ ಗೊತ್ತಿತ್ತೇನು?"