ಐದು ದಿನ ಕೀಲಿ ಮುಟ್ಟಬ್ಯಾಡ್ರಿ

ಇವತ್ತು ಬೆಳಿಗ್ಗೆ ಕಾರಿನ ಮುಂಗಾಜು ಬದಲಾಯಿಸುವವನು ಮನೆಗೇ ಬಂದಿದ್ದ. ಮೋಟಾರ್‌ವೇಯಲ್ಲಿ ಲಾರಿಯೊಂದು ಹಾರಿಸಿದ ಕಲ್ಲಿಗೆ ಗಾಜು ಬಿರುಕು ಬಿಟ್ಟಿತ್ತು. ಹಳೆಯದನ್ನು ಕಿತ್ತು, ಚೌಕಟ್ಟಿನ ಸುತ್ತ ಗನ್ನಿನಿಂದ ಕಪ್ಪು ಗೋಂದು ಹಿಂಡುತ್ತ ಹೋದ. ನಾನು ಕಾಫಿ ಲೋಟ ಹಿಡಿದು, ಕೆಲಸ ಬಲ್ಲ ಮೇಸ್ತ್ರಿಯ ಗತ್ತಿನಲ್ಲಿ ಬಾಗಿಲಲ್ಲಿ ನಿಂತಿದ್ದೆ. ಆ ಗೋಂದಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಫಿ ಲೋಟ ಕೆಳಗಿಟ್ಟೆ. ಒಂದು ಗಂಟೆ ಗಾಡಿ ಅಲ್ಲಾಡಿಸಬೇಡಿ ಎಂದು ಹೇಳಿ ಅವನು ಹೋದ. ನಾನು ಒಳಗೆ ಹೋಗದೆ ಮೆಟ್ಟಿಲ ಮೇಲೆ ಕೂತೆ. ನೀವೂ ಕೂತುಕೊಳ್ಳಿ, ಒಂದು ಗಂಟೆ ಇದೆಯಲ್ಲ.

ಇದೇ ಗೋಂದನ್ನು ನಾನು ಮೊದಲು ನೋಡಿದ್ದು ಶಿವಾನಂದನ ಕೈಯಲ್ಲಿ, ಐದಾರು ವರ್ಷದ ಹಿಂದೆ. ವಿಜಯಪುರದವನು. ಫೆಲ್ಥಮ್‌ನಲ್ಲಿ ಮನೆ, ವಿಮಾನಕ್ಕೆ ಪ್ರಯಾಣಿಕರ ಬ್ಯಾಗು ತುಂಬುವ ಕೆಲಸ. ರಜೆಯ ದಿನ ಹತಾರದ ಪೆಟ್ಟಿಗೆ ಹಿಡಿದು ಕನ್ನಡದವರ ಗಾಡಿಗಳನ್ನು ರಿಪೇರಿ ಮಾಡುತ್ತ ಲಂಡನ್ ತುಂಬ ಓಡಾಡುತ್ತಿದ್ದ. ಆಗ ನನ್ನ ಕಾಂಟ್ರಾಕ್ಟ್ ಮುಗಿದು, ಹೊಸ ಕೆಲಸ ಸಿಗದೆ, ಮನೆಯಲ್ಲಿ ಕೂತು ಎಲ್ಲರ ಮೇಲೂ ರೇಗುತ್ತಿದ್ದ ಕಾಲ. ನನ್ನ ಹಳೆಯ ಡೀಸೆಲ್ ಕಾರೂ ನನ್ನ ಹಾಗೇ ಆಗಿತ್ತು. ಸಿಗ್ನಲ್‌ನಲ್ಲಿ ನಿಂತರೆ ಗಡಗಡ ನಡುಗುತ್ತಿತ್ತು, ಗೇರ್ ಹಾಕಿದರೆ ಒಳಗೆಲ್ಲೋ ಧಡ್ ಎನ್ನುತ್ತಿತ್ತು. ಗ್ಯಾರೇಜಿನವರು ಹೇಳಿದ ಖರ್ಚು ಕೇಳಿ ಬಾಯಿ ಮುಚ್ಚಿಕೊಂಡು ವಾಪಸು ಬಂದಿದ್ದೆ.

ಶಿವಾನಂದ ಬಾನೆಟ್ ಎತ್ತಿ ಒಂದೇ ನೋಟಕ್ಕೆ ಹೇಳಿದ. "ಎಂಜಿನ್ ಮೌಂಟ್ ಹೋಗೇತ್ರಿ ಸರ್. ಕಬ್ಬಿಣ ಗಟ್ಟಿ ಐತಿ, ನಡುವಿನ ರಬ್ಬರ್ ಅಷ್ಟs ಹರದೈತಿ. ಹೊಸಾದು ಯಾಕ ತಗೋತೀರಿ? ನಾ ತುಂಬಿ ಕೊಡತೀನಿ."

ಎಂಜಿನ್ನು ಓಲಾಡದಂತೆ ಗಾಡಿಯ ಮೈಗೆ ಹಿಡಿದಿಡುವ ತುಂಡು ಅದು. ಎಂಜಿನ್ ಕೆಳಗೆ ಜಾಕು, ಜಾಕಿನ ಮೇಲೆ ಮರದ ತುಂಡು ಕೊಟ್ಟು ಅದನ್ನು ಬಿಚ್ಚಿದ. ನಮ್ಮ ಅಡುಗೆಮನೆಯ ಸಿಂಕಿನಲ್ಲೇ ಪಾತ್ರೆ ತೊಳೆಯುವ ಸೋಪು ಹಾಕಿ ಜಿಡ್ಡು ಹೋಗುವ ತನಕ ತಿಕ್ಕಿದ. ನನ್ನ ಹೆಂಡತಿ ಸುಧಾಳ ಹೇರ್ ಡ್ರೈಯರ್ ಕೇಳಿ ಪಡೆದು ಒಣಗಿಸಿದ. ಅವಳು ಆಮೇಲೆ ಆ ಡ್ರೈಯರನ್ನು ತಲೆಗೆ ಹಿಡಿಯಲಿಲ್ಲ, ಅದು ಬೇರೆ ಮಾತು. ರಬ್ಬರಿನ ಸೀಳುಗಳಿಗೆ ಕಾರಿನ ಗಾಜು ಅಂಟಿಸುವ ಈ ಗೋಂದನ್ನೇ ಹಿಂಡಿ, ಐಸ್‌ಕ್ರೀಮ್ ಕಡ್ಡಿಯಿಂದ ಒತ್ತಿ ಒತ್ತಿ ತುಂಬಿದ. ವಾರವಿಡೀ ಎಂಜಿನ್ನನ್ನು ಜಾಕಿನ ಮೇಲೆ ಬಿಡುವ ಹಾಗಿರಲಿಲ್ಲ, ಅದಕ್ಕೇ ಹಸಿಯಾಗಿಯೇ ಮತ್ತೆ ಕೂಡಿಸಿದ.

"ಐದು ದಿನ ಕೀಲಿ ಮುಟ್ಟಬ್ಯಾಡ್ರಿ ಸರ್. ಥಂಡಿ ಐತಿ, ಮ್ಯಾಲ ಒಣಗಿದ್ರೂ ಒಳಗ ಹಸೀನs ಇರತೈತಿ."

ಕೈ ಒರೆಸಿಕೊಳ್ಳುತ್ತ ತನ್ನ ಆಸೆಯನ್ನೂ ಹೇಳಿದ. "ಬ್ಯಾಗ್ ಎತ್ತಿ ಎತ್ತಿ ನಡಾ ಹೋಗೇತ್ರಿ. ಫೆಲ್ಥಮ್‌ದಾಗ ಒಬ್ಬಾವ ಪಂಜಾಬಿ ಗ್ಯಾರೇಜ್ ಇಟ್ಟಾನ. ನಿಮ್ಮ ಮಂದಿ ಗಾಡಿ ತರತೀನಂದ್ರ ಅರ್ಧಾ ಜಾಗಾ ಕೊಡತೀನಿ ಅಂದಾನ. ನಮ್ಮ ಮಂದಿ ಬರತಾರಲ್ರಿ?"

"ಯಾಕೆ ಬರಲ್ಲ? ನಾನೇ ಎಲ್ಲರಿಗೂ ಹೇಳ್ತೀನಿ" ಎಂದೆ. ಹೇಳಿದ್ದೂ ನಿಜ. ಏನು ಹೇಳಿದೆ ಎಂಬುದು ಮುಂದಿದೆ.

ಮೂರನೆಯ ದಿನ ಆಯುಧಪೂಜೆ. ಸುಧಾ ಗಾಡಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕ್ವೀನ್ಸ್‌ಬರಿಯ ಅಂಗಡಿಯಲ್ಲಿ ಸಿಕ್ಕ ಚೆಂಡುಹೂವಿನ ಹಾರ ಹಾಕಿ, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಳು. ಬೆಂಗಳೂರಿನಿಂದ ಅವಳ ಅಕ್ಕ ವಿಡಿಯೋ ಕಾಲಿನಲ್ಲಿ ನೋಡುತ್ತಿದ್ದಳು.

"ಐದು ದಿನ ಚಾಲೂ ಮಾಡಬಾರದಂತೆ" ಎಂದೆ.

"ಎಲ್ಲಾದ್ರೂ ಹೋಗಿ ಅಂತ ನಾನೆಲ್ಲಿ ಅಂದೆ? ಒಂದು ಗೇಣು ಮುಂದೆ ತಗೊಳ್ಳಿ ಸಾಕು. ನಿಂಬೆಹಣ್ಣಿನ ಮೇಲೆ ಹತ್ತಿಸದೆ ಇದೆಂಥ ಪೂಜೆ ರೀ?"

ತಪ್ಪನ್ನು ಅವಳ ತಲೆಗೆ ಕಟ್ಟುವುದಿಲ್ಲ. ಹಸಿ ಗೋಂದನ್ನು ಕಣ್ಣಾರೆ ನೋಡಿದ್ದವನು ನಾನು, ಕೀಲಿ ಇದ್ದದ್ದು ನನ್ನ ಕೈಯಲ್ಲಿ. ಏನಾಗಲ್ಲ ಬಿಡು ಎನ್ನುತ್ತ ಮೊದಲ ಗೇರ್ ಹಾಕಿ ಕ್ಲಚ್ ಬಿಟ್ಟೆ. ನಿಂಬೆಹಣ್ಣು ಪಚಕ್ಕೆಂದಿತು. ಅದರ ಜೊತೆಗೇ ಬಾನೆಟ್ ಒಳಗಿಂದ ಹಳೆಯ ಧಡ್ ಕೇಳಿಸಿತು. ಅಕ್ಕ ಅಲ್ಲಿಂದ ಚಪ್ಪಾಳೆ ತಟ್ಟಿದಳು.

ಶನಿವಾರ ಗೋಂದು ಒಣಗಿತೇ ಎಂದು ನೋಡಲು ಶಿವಾನಂದ ಟಾರ್ಚ್ ಹಿಡಿದು ಬಂದ. ಮೌಂಟ್ ನೋಡಿದ. ಗೋಂದು ನಡುವೆ ಸೀಳಿಹೋಗಿತ್ತು. ಆಮೇಲೆ ಬಗ್ಗಿ, ಮುಂಚಕ್ರದ ಹಿಂದೆ ಅಪ್ಪಚ್ಚಿಯಾಗಿ ಒಣಗಿದ್ದ ನಿಂಬೆಹಣ್ಣನ್ನು ಎರಡು ಬೆರಳಲ್ಲಿ ಎತ್ತಿಕೊಂಡ.

"ಗಾಡಿ ಚಾಲೂ ಮಾಡಿದ್ರೇನ್ರಿ ಸರ್?"

"ಇಲ್ಲಪ್ಪ" ಎಂದೆ.

ಹಣ್ಣು ಅವನ ಕೈಯಲ್ಲೇ ಇತ್ತು. ಅದನ್ನು ನೋಡಿದ, ನನ್ನನ್ನು ನೋಡಿದ. "ಹಂಗಾದ್ರ ನಂದs ಏನೋ ತಪ್ಪಾಗಿರಬೇಕು ಬಿಡ್ರಿ. ಮತ್ತೊಮ್ಮೆ ತುಂಬಿ ಕೊಡತೀನಿ" ಎಂದು ಹಣ್ಣನ್ನು ಕಸದ ಬುಟ್ಟಿಗೆ ಹಾಕಿದ. ನನಗೆ ಅವನ ಎದುರು ಇನ್ನೊಂದು ದಿನ ನಿಲ್ಲುವ ಧೈರ್ಯವಿರಲಿಲ್ಲ. ಬೇಡ ಎಂದೆ. ಸಾಲದ ಕಾರ್ಡು ಉಜ್ಜಿ ಗ್ಯಾರೇಜಿನಲ್ಲಿ ಹೊಸ ಮೌಂಟ್ ಹಾಕಿಸಿದೆ. ಬಿಲ್ಲು ನೋಡಿ ಹೊಟ್ಟೆ ಉರಿಯಿತು. ಆ ಉರಿ ನನ್ನ ಮೇಲೆ ತಿರುಗಬೇಕಿತ್ತು, ಅವನ ಮೇಲೆ ತಿರುಗಿತು.

ದೀಪಾವಳಿಗೆ ಒಂದು ಶಾಲೆಯ ಹಾಲಿನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಊಟದ ಸಾಲಿನಲ್ಲಿ ಯಾರೋ ಕೇಳಿದರು: "ಗಾಡಿ ಶಿವಾನಂದನ ಹತ್ರ ರಿಪೇರಿ ಮಾಡಿಸಿದ್ರಂತೆ, ಹೇಗಿದೆ?" ಒಂದು ವಿಷಯವನ್ನು ರಸವತ್ತಾಗಿ ಹೇಳಿ ಜನರನ್ನು ನಗಿಸುವುದು ನನ್ನ ಚಟ. ಈಗಲೂ ಅದನ್ನೇ ಮಾಡುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದರೆ ಅದೂ ಸುಳ್ಳಲ್ಲ. "ಎಂಜಿನ್‌ಗೆ ಬಬಲ್‌ಗಮ್ ಮೆತ್ತೋ ಡಾಕ್ಟ್ರು ಅವರು. ಆಪರೇಷನ್ ಆಗಿ ಮೂರೇ ದಿನಕ್ಕೆ ಪೇಷೆಂಟ್ ಹೊಲಿಗೆ ಬಿಚ್ಚಿಕೊಂಡ" ಎಂದೆ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಇನ್ನೆರಡು ಮಾತು ಸೇರಿಸಿದೆ. ಆ ಸಂಜೆ ನಾನು ಬಹಳ ಚೆನ್ನಾಗಿ ಮಾತಾಡಿದೆ.

ನಗುತ್ತಲೇ ತಟ್ಟೆ ಮುಂದೆ ಚಾಚಿದೆ. ಬಡಿಸುವ ಮೇಜಿನ ಆಚೆ, ಸೌಟು ಹಿಡಿದು ನಿಂತಿದ್ದವನು ಶಿವಾನಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಒಂದೇ ಮಾತಿನಲ್ಲಿ ಅವನು ನನ್ನ ಮಾನ ಕಳೆಯಬಹುದಿತ್ತು. ತಟ್ಟೆಗೆ ಅನ್ನ ಹಾಕಿದ, ಸಾರು ಹಾಕಿದ. ಆಮೇಲೆ ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದ.

"ನಿಂಬಿಹಣ್ಣಿನ ಉಪ್ಪಿನಕಾಯಿ ಹಾಕ್ಲೇನ್ರಿ ಸರ್?"

ನಾನು ತಟ್ಟೆ ಹಿಂದಕ್ಕೆ ಎಳೆದುಕೊಳ್ಳಲು ಹೋದೆ. ಅವನೇ ಒಂದು ಹೋಳು ಹಾಕಿ, ಹಿಂದಿನವರ ತಟ್ಟೆಗೆ ಕೈ ಚಾಚಿದ.

ಬಬಲ್‌ಗಮ್ ಡಾಕ್ಟರ್ ಎಂಬ ಹೆಸರು ಲಂಡನ್ನಿನ ಇನ್ನೊಂದು ತುದಿಯ ಟೂಟಿಂಗ್‌ವರೆಗೂ ಹೋಯಿತು. ಗಾಡಿಗಳು ಅವನ ಹತ್ತಿರ ಹೋಗಲಿಲ್ಲ. ಪಂಜಾಬಿ ಆ ಅರ್ಧ ಜಾಗವನ್ನು ಬೇರೆಯವರಿಗೆ ಕೊಟ್ಟ. ಶಿವಾನಂದ ಇನ್ನೂ ಬ್ಯಾಗು ಎತ್ತುತ್ತಿದ್ದಾನೆ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಎಂದು ಕೇಳಿದ್ದೇನೆ. ನಾನು ಹೋಗಿ ನೋಡಿಲ್ಲ.

ಇವತ್ತು ಮೆಟ್ಟಿಲ ಮೇಲೆ ಕೂತವನಿಗೆ ತಡೆಯಲಾಗಲಿಲ್ಲ. ಫೋನ್ ತೆಗೆದು, ಆ ದೀಪಾವಳಿಯವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ಬರೆದೆ: "ಶಿವಾನಂದನ ಕೆಲಸ ಸರಿಯಾಗಿತ್ತು. ಗೋಂದು ಒಣಗುವ ಮೊದಲೇ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ ಕೆಡಿಸಿದವನು ನಾನು. ಸುಳ್ಳು ಹೇಳಿದೆ."

ನಿಮಿಷದಲ್ಲಿ ಉತ್ತರ ಬರತೊಡಗಿತು. ಕಣ್ಣಲ್ಲಿ ನೀರು ಬರುವಂತೆ ನಗುವ ಹಳದಿ ಮುಖಗಳು, ಒಂದರ ಹಿಂದೆ ಒಂದು. "ನಿಂಬೆಹಣ್ಣು ಸೂಪರ್ ಸರ್, ಮುಂದೇನಾಯ್ತು?" ಎಂದು ಒಬ್ಬರು ಕೇಳಿದ್ದರು.

ಒಳಗೆ ಫೋನ್ ನೋಡಿದ ಸುಧಾ ಹೊರಗೆ ಬಂದು ನನ್ನ ಹಿಂದೆ ನಿಂತಳು. ಅವಳು ನಗಲಿಲ್ಲ.

"ಇವರಿಗೆ ಹೇಳಿ ಏನು ಬಂತು ರೀ? ಅವನು ಈ ಗುಂಪು ಬಿಟ್ಟು ಐದು ವರ್ಷ ಆಯ್ತು."

ನನಗೆ ಅದು ಗೊತ್ತೇ ಇರಲಿಲ್ಲ.