ವಿನಯದ ಬಾಗಿಲು ಮತ್ತು ನನ್ನ ಹಣೆ

ಹಣೆಯ ಮೇಲೆ ಬುಗುಟು ಎದ್ದವನಿಗೆ ಲೋಕದಲ್ಲಿ ಕನಿಕರವಿಲ್ಲ. ಕಾಲು ಉಳುಕಿದವನನ್ನು ಕೈಹಿಡಿದು ನಡೆಸುತ್ತಾರೆ, ಹಲ್ಲು ನೋಯುವವನಿಗೆ ಲವಂಗ ಕೊಡುತ್ತಾರೆ. ಬುಗುಟಿನವನಿಗೆ ಸಿಗುವುದು ಒಂದು ಮುಗುಳ್ನಗೆ, ಅದೂ ಅವನ ಹೆಂಡತಿಯ ಕಡೆಗೊಮ್ಮೆ ನೋಡಿ ಬೀರಿದ್ದು. ಕಳೆದ ವರ್ಷ ನನ್ನ ಹಣೆಯ ನಟ್ಟನಡುವೆ ಅಂಥದೊಂದು ಎದ್ದಿತ್ತು. ನಮ್ಮ ದೇವಾಲಯಗಳಲ್ಲಿ ಬಾಗಿಲ ಮೇಲ್ಪಟ್ಟಿಯ ನಡುವಿನ ಕೆತ್ತನೆಗೆ ಲಲಾಟಬಿಂಬ ಎನ್ನುತ್ತಾರಲ್ಲ, ನನ್ನ ಲಲಾಟಕ್ಕೆ ಆ ಬಿಂಬವನ್ನು ದಯಪಾಲಿಸಿದ್ದು ಒಂದು ಹಳೆಯ ಚರ್ಚಿನ ಬಾಗಿಲು.

ಬೈಲಹೊಂಗಲದಲ್ಲಿ ಬಹುಕಾಲ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಕೆಲಸವೆಂದರೆ ಸ್ಮರಣ ಸಂಚಿಕೆಗಳಿಗೆ ಲೇಖನ ಬರೆಯುವುದು. ಈ ಸೀಮೆಯಲ್ಲಿ ಯಾವ ಕಟ್ಟಡಕ್ಕೆ ಬಣ್ಣ ಬಳಿದರೂ ಒಂದು ಸಂಚಿಕೆ ಹೊರಡುತ್ತದೆ. ಯಾವ ಸಂಚಿಕೆ ಹೊರಟರೂ ಮೊದಲ ಲೇಖನ ನನ್ನದು. ಹಾಗಾಗಿ ನೇಸರಗಿಯ ಆಚೆಗಿನ ಒಂದು ಹಳ್ಳಿಯ ಚರ್ಚಿನವರೂ ಕರೆದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಈ ಮನುಷ್ಯನಿಗೆ ಚರ್ಚಿನ ಇತಿಹಾಸ ಏನು ಗೊತ್ತು ಎಂಬ ಸಂಶಯ ಅವರಿಗೂ ಬರಲಿಲ್ಲ, ನಾಚಿಕೆಗೇಡು, ನನಗೂ ಬರಲಿಲ್ಲ.

ಚರ್ಚು ಮಾತ್ರ ಮನಸೋಲುವಂಥದು. ಕಟ್ಟಿಸಿದ ಪಾದ್ರಿಗಳು ತಮ್ಮ ದೇಶದ ಚರ್ಚನ್ನು ನೆನೆದಿರಬೇಕು, ಕಟ್ಟಿದ ಗೌಂಡಿಗಳಿಗೆ ಗೊತ್ತಿದ್ದದ್ದು ವಾಡೆ ಮತ್ತು ಗುಡಿ. ಹೀಗಾಗಿ ಕರಿಕಲ್ಲಿನ ದಪ್ಪ ಗೋಡೆ, ಸಾಗವಾನಿಯ ಕಂಬ, ಕಂಬದ ತುದಿಯಲ್ಲಿ ಕಮಲ, ಕಮಲಗಳ ನಡುವೆ ಏಸುಸ್ವಾಮಿ. ಇದನ್ನೆಲ್ಲ ತಲೆಯೆತ್ತಿ ನೋಡುತ್ತ ಒಳಗೆ ಹೊರಟಾಗಲೇ ಬಾಗಿಲು ನನ್ನ ಹಣೆಗೆ ಬಡಿದದ್ದು. ಅಷ್ಟು ಎತ್ತರದ ಕಟ್ಟಡಕ್ಕೆ ಅಷ್ಟು ಗಿಡ್ಡ ಬಾಗಿಲು! ಪೆಟ್ಟು ತಿಂದ ಪಂಡಿತನಿಗೆ ಪೆಟ್ಟಿನಲ್ಲೂ ತತ್ತ್ವ ಕಾಣುತ್ತದೆ. 'ಅಹಂಕಾರವನ್ನು ಹೊರಗಿಟ್ಟು, ಶಿರಬಾಗಿ ಒಳಬರಲೆಂದೇ ಹಿರಿಯರು ಈ ದ್ವಾರವನ್ನು ಗಿಡ್ಡವಾಗಿ ನಿರ್ಮಿಸಿದರು' ಎಂದು ನಾಲ್ಕು ಪುಟ ಬರೆದೆ. ಯಾರನ್ನೂ ಏನೂ ಕೇಳಲಿಲ್ಲ. ಕೇಳಿದರೆ ಲೇಖನದ ಓಟ ಕೆಡುತ್ತದೆ.

ಲೇಖನಕ್ಕೆ ಸಿಕ್ಕ ಯಶಸ್ಸು ಅಷ್ಟಿಷ್ಟಲ್ಲ. ಯರಗಟ್ಟಿಯ ಸಂಘವೊಂದು ಶಾಲು ಹೊದಿಸಿತು. ಚರ್ಚಿನ ಕಮಿಟಿಯವರು ಬಾಗಿಲ ಮೇಲೆ 'ವಿನಯದ ದ್ವಾರ' ಎಂದು ಬೋರ್ಡು ಬರೆಸಿ ಹಾಕಿದರು. ಆ ಬೋರ್ಡಿನಿಂದಾಗಿ ಬಾಗಿಲು ಇನ್ನೂ ಎರಡು ಬೆರಳು ಗಿಡ್ಡವಾಯಿತು.

ಈ ವರ್ಷ ಕಮಿಟಿಗೆ ಹೊಸ ಹುಮ್ಮಸ್ಸು ಬಂದು, ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿಸುವುದೆಂದು ಠರಾಯಿತು. ಅದರ ಶುಭಾರಂಭಕ್ಕೆ ನನ್ನದೊಂದು ಭಾಷಣ. ಭಾನುವಾರ ಪೂಜೆ ಮುಗಿದ ಮೇಲೆ ನಾನು ಬಾಗಿಲ ಬಳಿ ನಿಂತು ಅದೇ ವಿನಯವನ್ನು ಮತ್ತೆ ಬಿತ್ತರಿಸುತ್ತಿದ್ದಾಗ, ಗೋಡೆಗೊರಗಿ ಕುಳಿತಿದ್ದ ಮರಿಯವ್ವ ಎಂಬ ಮುದುಕಿ ಕೈಯೆತ್ತಿದಳು. ಎಂಬತ್ತು ದಾಟಿದ ಜೀವ. ಈ ಚರ್ಚು ಕಟ್ಟಿದ ಗೌಂಡಿಯ ಮೊಮ್ಮಗಳು.

"ಸರ, ಬಾಗಲಾ ಸಣ್ಣದಿಲ್ರಿ. ನೆಲಾ ಏರೇತಿ. ನಮ್ಮಜ್ಜ ರುಮಾಲ ಸುತ್ತಿಕೊಂಡು ನೆಟ್ಟಗ ಒಳಗ ಬರತಿದ್ದ."

ನಾನು ಕೆಳಗೆ ನೋಡಿದೆ. ಹೊಸ್ತಿಲ ಪಕ್ಕದಲ್ಲಿ ಒಂದು ಚೂರು ಕಿತ್ತುಹೋಗಿ, ನೆಲದ ವಂಶಾವಳಿಯೇ ಕಾಣುತ್ತಿತ್ತು. ಮೇಲೆ ಬಿಳಿಯ ಬಿಲ್ಲೆಗಳು, ಅದರಡಿ ಮೊಸಾಯಿಕ್, ಅದರಡಿ ಶಹಾಬಾದಿ ಫರಸಿಕಲ್ಲು. ಪ್ರತಿ ಕಮಿಟಿಯೂ ಹಿಂದಿನ ಕಮಿಟಿಯ ನೆಲವನ್ನು ಕೀಳುವ ಗೋಜಿಗೆ ಹೋಗದೆ, ಅದರ ಮೇಲೆಯೇ ತನ್ನದೊಂದನ್ನು ಹಾಸಿ, ಗೋಡೆಯಲ್ಲಿ ದಾನಿಗಳ ಹೆಸರಿನ ಕಲ್ಲು ಕೂಡಿಸಿತ್ತು. ಮೂರು ತಲೆಮಾರಿನ ದಾನಶೂರತ್ವ ಒಟ್ಟಾಗಿ ನನ್ನ ಹಣೆಗೆ ಬಡಿದಿತ್ತು.

"ಎಲ್ಲಾದಕಿಂತಾ ತೆಳಗಿನ ಕಲ್ಲಿನ ಮ್ಯಾಲೆ ನಮ್ಮಜ್ಜನ ಕೈ ಗುರ್ತ ಐತ್ರಿ" ಎಂದಳು ಮರಿಯವ್ವ. "ಅವಂದು ಫೋಟೋ ಇಲ್ಲ, ಗೋರಿ ಎಲ್ಲೈತಿ ಗೊತ್ತಿಲ್ಲ. ಅದೊಂದs ಉಳದೈತಿ. ಒಮ್ಮಿ ಮುಟ್ಟಿ ಹೋಗತೇನ್ರಿ. ಈ ಟೈಲ್ಸ ಹಾಕಿದ್ರಂದ್ರ ನನ್ನ ಜೀವದಾಗ ಅದು ಇನ್ನ ಮ್ಯಾಲೆ ಬರೂದುಲ್ಲ."

ಕಮಿಟಿಯ ಅಧ್ಯಕ್ಷ ಇನಾಸಪ್ಪ ನಕ್ಕು, "ಬೇ ಯವ್ವಾ, ಸರ ಪುಸ್ತಕದಾಗ ಬರದಾರ. ಹಿರ್ಯಾರು ಬೇಕಂತನs ಗಿಡ್ಡ ಮಾಡ್ಯಾರ. ಟೈಲ್ಸ ಹಾಕಿದ್ರ ಇನ್ನೊಂದೀಟು ವಿನಯ ಬರತೈತಿ, ಬರಲಿ ಬಿಡು" ಎಂದ.

ಎಲ್ಲರೂ ನನ್ನ ಮುಖ ನೋಡಿದರು. ಓದುಗ ಮಹಾಶಯರೇ, ಜನರಿಗೆ ವಿನಯವನ್ನು ಬೋಧಿಸುವುದು ಬಲು ಸುಲಭ. ನಾಲ್ಕು ಪುಟ ಸಾಕು. ನನಗೆ ಆ ಕ್ಷಣದಲ್ಲಿ ನೆನಪಾದದ್ದು ಯರಗಟ್ಟಿಯ ಶಾಲು. ಅದನ್ನು ವಾಪಸು ಕೇಳುವರೇ, ಕೇಳಿದರೆ ಇಸ್ತ್ರಿ ಮಾಡಿಸಿ ಕೊಡಬೇಕೇ ಎಂಬಲ್ಲಿಗೆ ಯೋಚನೆ ಹೋಗಿತ್ತು. ಆದರೆ ಮುದುಕಿ ನನ್ನನ್ನೇ ನೋಡುತ್ತಿದ್ದಳು, ಆ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ, ಬೇಡಿಕೆಯಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. "ನಾ ಬರದದ್ದು ತಪ್ಪೈತ್ರಿ" ಎಂದೆ. "ಯಾರನ್ನೂ ಕೇಳದs ಬರದೇನಿ. ಅಗದು ನೋಡ್ರಿ."

ಬರೆದ ಸರs ಹೀಗೆಂದ ಮೇಲೆ ಇನಾಸಪ್ಪನಿಗೆ ಬೇರೆ ಹಾದಿ ಉಳಿಯಲಿಲ್ಲ. ಬಾಗಿಲ ಒಳಗಿನ ಒಂದು ಮಾರು ಜಾಗ ಅಗೆಯುವುದೆಂದಾಯಿತು. ಎರಡು ದಿನ ಗುದ್ದಲಿ, ಸುತ್ತಿಗೆಯ ಸದ್ದಾಗಿ, ಮೂರೂ ನೆಲ ಕಿತ್ತುಬಂದು, ಒಂದಡಿ ಕೆಳಗೆ ಕರಿಯ ಹಾಸುಗಲ್ಲು ಕಂಡಿತು. ನೀರು ಹೊಯ್ದು ತಿಕ್ಕಿದಾಗ ಅದರ ಮೇಲೆ ಉಳಿಯಿಂದ ಕೊರೆದ ಗೀಟುಗಳು: ಒಂದು ದೊಡ್ಡ ಚೌಕ, ಅದರೊಳಗೆ ಸಾಲು ಸಾಲಾಗಿ ಸಣ್ಣ ಚೌಕಗಳು, ನಡುವೆ ಒಂದು, ನಾಲ್ಕು ಬದಿಗೆ ನಾಲ್ಕು, ಒಟ್ಟು ಐದು ಮನೆಗಳಲ್ಲಿ ಒಂದರ ಮೇಲೊಂದು ಎರಡು ಗೀಟು ಅಡ್ಡಹಾಯಿಸಿದ ಗುರುತು.

"ಶಿಲುಬಿ!" ಎಂದು ಇನಾಸಪ್ಪ ಕೂಗಿದ. "ಐದು ಶಿಲುಬಿ ಅದಾವು ನೋಡ್ರಿ! ಸರ, ಇದಕ್ಕೇನಾರ ಅರ್ಥ ಇರಬೇಕಲ್ರಿ?"

ಅರ್ಥವೇ? ಸ್ವಾಮಿಯ ಪಂಚಗಾಯಗಳು! ನನ್ನ ತಲೆಯಲ್ಲಿ ಆಗಲೇ ಆರು ಪುಟದ ಲೇಖನ ಎದ್ದು ನಿಂತಿತ್ತು, ಶೀರ್ಷಿಕೆಯ ಸಹಿತ. ಅಷ್ಟರಲ್ಲಿ ಮರಿಯವ್ವ ಗೋಡೆ ಹಿಡಿದು ಕೆಳಗಿಳಿದು ಕಲ್ಲಿನ ಮುಂದೆ ಕುಳಿತು, ಒಂದೊಂದೇ ಮನೆಯ ಮೇಲೆ ಬೆರಳಾಡಿಸಿದಳು. ನಾನು ಬಾಯಿ ಬಿಗಿಹಿಡಿದು, ಈ ಸಲ ಕೇಳಿದೆ: "ಏನ್ರೆವ್ವಾ ಇದು?"

"ಚೌಕಾಬಾರಾ ಆಡು ಮನಿ ಅಲ್ಲೇನ್ರಿ? ಗುಡಿ ಕಟ್ಟುಮುಂದ ಮಧ್ಯಾಹ್ನ ಬುತ್ತಿ ಉಂಡು, ಗಾಳಿ ಬರತೈತಂತ ಇಲ್ಲೆ ಕುಂತು ಆಡತಿದ್ರಂತ. ಸಣ್ಣಾಕಿದ್ದಾಗ ನಾನೂ ಆಡೇನ್ರಿ, ಪಾದ್ರಿಗಳ ಪ್ರಸಂಗ ಉದ್ದ ಆದ್ರ." ಆಕೆ ಸೆರಗಿನ ಗಂಟು ಬಿಚ್ಚಿ, ಒಡೆದ ನಾಲ್ಕು ಹುಣಸೆಬೀಜಗಳನ್ನು ತೆಗೆದಳು. ಎರಡು ದಿನದಿಂದ ಕಟ್ಟಿಕೊಂಡೇ ಇದ್ದಳಂತೆ. "ಕುಂದರ್ರಿ ಸರ, ಒಂದಾಟ ಆಡೂಣು."

ಪಾದ್ರಿಗಳೂ ಇನಾಸಪ್ಪನೂ ನೋಡುತ್ತಿದ್ದಂತೆ ನಾನು ಕುಳಿತು ಆಡಿ, ಸೋತೆ. ಆಕೆ ನನ್ನ ಕಾಯಿ ಹೊಡೆದಾಗಲೆಲ್ಲ ಕೈಯನ್ನು ಆ ಕಲ್ಲಿನ ಮೇಲೆಯೇ ಸ್ವಲ್ಪ ಹೊತ್ತು ಇಟ್ಟುಕೊಂಡಿರುತ್ತಿದ್ದಳು.

ಟೈಲ್ಸು ಪಾದ್ರಿಗಳ ಬಚ್ಚಲುಮನೆಗೆ ಹೋಯಿತು. ಉಳಿದ ನೆಲವನ್ನೂ ಅಗೆದರು. ಈಗ ಆ ಬಾಗಿಲಲ್ಲಿ ನನ್ನ ತಲೆಗೂ ಮೇಲ್ಪಟ್ಟಿಗೂ ನಡುವೆ ಗೇಣು ಜಾಗವಿದೆ. ಬೋರ್ಡನ್ನು ಇನಾಸಪ್ಪ ತಾನೇ ಬಿಚ್ಚಿದ. ಮರಿಯವ್ವ ಅದಾದ ಕೆಲವು ತಿಂಗಳಿಗೆ ತೀರಿಕೊಂಡಳು. ಹಣೆಯ ಬುಗುಟು ಎಂದೋ ಇಳಿದಿದೆ. ಆದರೂ ಅಲ್ಲಿಗೆ ಹೋದಾಗಲೆಲ್ಲ ನಾನು ತಲೆ ಬಗ್ಗಿಸಿಯೇ ಒಳಗೆ ಹೋಗುತ್ತೇನೆ. ನೋಡಿದವರು ಭಕ್ತಿ ಎಂದುಕೊಳ್ಳುತ್ತಾರೆ. ನಾನು ನೋಡುವುದು ಕಾಲ ಕೆಳಗೆ, ಹೊಸ್ತಿಲು ದಾಟಿದೊಡನೆ ಆಕೆಯ ಅಜ್ಜ ಕೊರೆದ ಮನೆಗಳನ್ನು ತುಳಿಯಬಾರದಲ್ಲ.